ಹಾಜರಿ ಪುಸ್ತಕಕ್ಕೆ ಸಿಗದ ಮನಸ್ಸು

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಎರಡು ಬಗೆಯ ಸುದ್ದಿಗಳಿರುತ್ತವೆ. ಮುಖಪುಟದಲ್ಲಿ ಅಪ್ಪ ಅಮ್ಮ ಎರಡೂ ಕಡೆಯಿಂದ ಸಿಹಿ ತಿನ್ನಿಸುತ್ತಿರುವ ಮಗುವಿನ ನಗುಮುಖ. ಒಳಪುಟದ ಮೂಲೆಯಲ್ಲಿ, ನಾಲ್ಕೈದು ಸಾಲುಗಳಲ್ಲಿ, ಯಾವುದೋ ಊರಿನ ಇನ್ನೊಂದು ಮಗುವಿನ ಸಾವು. ಮೊದಲನೆಯದನ್ನು ಕತ್ತರಿಸಿ ಇಟ್ಟುಕೊಳ್ಳುವವರಿದ್ದಾರೆ. ಎರಡನೆಯದನ್ನು ‘ಅಯ್ಯೋ ಪಾಪ’ ಎಂದು ಓದಿ ಮಡಿಸಿಡುತ್ತೇವೆ. ಮುಂದಿನ ವರ್ಷ ಮತ್ತೆ ಅದೇ ಎರಡು ಸುದ್ದಿಗಳು ಬರುತ್ತವೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಡುವ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಮಂದಿಯಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಪರೀಕ್ಷೆಯಲ್ಲಿ ನಪಾಸಾದದ್ದೇ ಕಾರಣವೆಂದು ದಾಖಲಾದವು 2,248. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಸ್ವಲ್ಪ ನಿಂತು ನೋಡಬೇಕು. ಮಕ್ಕಳ ಸಾವನ್ನು ನಾವು ಸಾಮಾನ್ಯವಾಗಿ ಪರೀಕ್ಷೆಯ ತಲೆಗೆ ಕಟ್ಟಿ ಸುಮ್ಮನಾಗುತ್ತೇವೆ. ಆದರೆ ಬಹುಪಾಲು ಮಕ್ಕಳ ಸಂಕಟದ ಬೇರು ಅಂಕಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಆ ವರ್ಷದ ಆತ್ಮಹತ್ಯೆಗಳಿಗೆ ಅತಿ ದೊಡ್ಡ ಕಾರಣವೆಂದು ದಾಖಲಾಗಿರುವುದು ಕೌಟುಂಬಿಕ ಸಮಸ್ಯೆ. ಮಗು ಶಾಲೆಗೆ ಬರುವಾಗ ಪಾಟಿಚೀಲದೊಂದಿಗೆ ಮನೆಯನ್ನೂ ಹೊತ್ತು ತರುತ್ತದೆ.

ಹಾಗಾದರೆ ಮಕ್ಕಳ ಮನಸ್ಸಿನ ಆರೋಗ್ಯದ ಹೊಣೆ ಯಾರದು? ಶಾಲೆಯದೋ, ಮನೆಯದೋ, ಆಸ್ಪತ್ರೆಯದೋ? ಈ ಪ್ರಶ್ನೆಗೆ ಕಳೆದ ನಾಲ್ಕೈದು ದಶಕಗಳಲ್ಲಿ ನಮ್ಮ ರಾಜ್ಯದಲ್ಲಿ ಮತ್ತು ಹೊರಗೆ ನಡೆದ ಪ್ರಯೋಗಗಳು ಸಾಕಷ್ಟು ಉತ್ತರ ಕೊಟ್ಟಿವೆ. ಆ ಉತ್ತರ ಶಾಲೆಗಳವರೆಗೆ ತಲುಪುವುದಷ್ಟೇ ಬಾಕಿ.

ತರಗತಿಗೆ ಮೂರು ನಾಲ್ಕು ಮಕ್ಕಳು

ಸಾವಿನ ಅಂಕಿ ಅಂಶಗಳಲ್ಲಿ ಕಾಣಿಸುವುದು ಸಮಸ್ಯೆಯ ತುದಿ ಮಾತ್ರ. ಅದರ ಕೆಳಗೆ ಯಾವ ಲೆಕ್ಕಕ್ಕೂ ಸಿಗದೆ ಬದುಕುತ್ತಿರುವ ಮಕ್ಕಳಿದ್ದಾರೆ. ಸೋಮವಾರ ಬಂತೆಂದರೆ ತಲೆನೋವು ಎನ್ನುವ ಹುಡುಗ. ಗಣಿತದ ಪೀರಿಯಡ್ಡಿಗೆ ಮುಂಚೆ ಹೊಟ್ಟೆ ಹಿಡಿದುಕೊಂಡು ಕೂರುವ ಹುಡುಗಿ. ಏಳನೆಯ ತರಗತಿಯವರೆಗೆ ವಾಚಾಳಿಯಾಗಿದ್ದು, ಎಂಟನೆಯದಕ್ಕೆ ಬಂದಮೇಲೆ ಮಾತೇ ನಿಲ್ಲಿಸಿದವಳು. ಕಾರಣವಿಲ್ಲದೆ ಪಕ್ಕದವನ ಮೇಲೆ ಕೈಮಾಡುವವನು. ಹಾಜರಿ ಕೂಗಿದಾಗ ‘ಎಸ್ ಸಾರ್’ ಎಂದು ಇವರೆಲ್ಲರೂ ಹೇಳುತ್ತಾರೆ. ಪುಸ್ತಕದಲ್ಲಿ ಗುರುತು ಬೀಳುತ್ತದೆ. ಮನಸ್ಸು ಮಾತ್ರ ತರಗತಿಯಲ್ಲಿರುವುದಿಲ್ಲ.

ಇಂಥ ಮಕ್ಕಳಿಗೆ ನಮ್ಮಲ್ಲಿ ಹೆಸರುಗಳಿಗೇನೂ ಬರವಿಲ್ಲ. ಶಾಲೆಯಲ್ಲಿ ದಡ್ಡ, ಸೋಮಾರಿ, ಹಟಮಾರಿ, ಅಧಿಕಪ್ರಸಂಗಿ. ಮನೆಯಲ್ಲಿ ದೃಷ್ಟಿ ತಾಗಿದೆ, ಗಾಳಿ ಸೋಕಿದೆ, ಗ್ರಹಚಾರ ಸರಿಯಿಲ್ಲ. ತಾಯತ ಕಟ್ಟಿಸಿದ್ದಾಗುತ್ತದೆ, ದೇವರಿಗೆ ಹರಕೆ ಹೊತ್ತದ್ದಾಗುತ್ತದೆ, ನಾಲ್ಕು ಬಿಗಿದದ್ದೂ ಆಗುತ್ತದೆ. ‘ಏನಾಗುತ್ತಿದೆ ಮಗು ನಿನಗೆ?’ ಎಂದು ಕೇಳುವುದೊಂದು ಉಳಿದುಬಿಡುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಅಂಗವಾಗಿ 13ರಿಂದ 17 ವರ್ಷದ ಮಕ್ಕಳನ್ನೂ ನೋಡಲಾಯಿತು. ಅವರಲ್ಲಿ ಶೇ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂತು. ದೊಡ್ಡ ನಗರಗಳಲ್ಲಿ ಈ ಪ್ರಮಾಣ ಹಳ್ಳಿಗಳಿಗಿಂತ ಹೆಚ್ಚು. 50 ಮಕ್ಕಳ ಒಂದು ತರಗತಿಯನ್ನು ಕಣ್ಣ ಮುಂದೆ ತಂದುಕೊಂಡರೆ ಮೂರು ಅಥವಾ ನಾಲ್ಕು ಮಕ್ಕಳು. ಇವರು ಹುಚ್ಚರಲ್ಲ. ಆತಂಕ, ಖಿನ್ನತೆ, ಕಲಿಕೆಯ ತೊಂದರೆ, ನಡವಳಿಕೆಯ ಏರುಪೇರು ಇಂಥವುಗಳಿಂದ ಬಳಲುತ್ತಿರುವವರು. ಬೇಗ ಗುರುತಿಸಿದರೆ ಬಹುಪಾಲು ಮಕ್ಕಳು ಸುಧಾರಿಸುತ್ತಾರೆ. ಬಿಟ್ಟರೆ ಬೆಳೆಯುತ್ತದೆ. ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14ನೆಯ ವಯಸ್ಸಿಗೆ ಮೊದಲೇ ತಲೆಯೆತ್ತುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತ ಬಂದಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತು ಮಕ್ಕಳನ್ನು ಗದರಿಸುವುದಕ್ಕಷ್ಟೇ ಇರುವುದಲ್ಲ. ಸಹಾಯಕ್ಕೂ ಅದೇ ನ್ಯಾಯ.

ಆಸ್ಪತ್ರೆಯ ಬದಲು ಶಾಲೆ ಏಕೆ?

‘ತೊಂದರೆಯಿದ್ದರೆ ಡಾಕ್ಟರಿಗೆ ತೋರಿಸಲಿ’ ಎನ್ನುವುದು ಸುಲಭ. ಮನೋವೈದ್ಯರು ಇರುವುದು ಹೆಚ್ಚಾಗಿ ನಗರಗಳಲ್ಲಿ. ಮಗುವಿನೊಂದಿಗೆ ತಾಯಿಯೂ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಹೋಗಬೇಕು. ಅದಕ್ಕಿಂತ ದೊಡ್ಡ ಅಡ್ಡಿಯೆಂದರೆ ಜನರ ಬಾಯಿ. ‘ಅವರ ಮನೆ ಹುಡುಗಿಯನ್ನು ಮೆಂಟಲ್ ಆಸ್ಪತ್ರೆಗೆ ತೋರಿಸ್ತಾರಂತೆ’ ಎಂಬ ಒಂದು ಮಾತು ಸಾಕು, ಮದುವೆಯ ವಯಸ್ಸಿನವರೆಗೂ ಬೆನ್ನು ಹತ್ತುತ್ತದೆ.

ಶಾಲೆ ಹಾಗಲ್ಲ. ಅದು ಹತ್ತಿರದಲ್ಲಿದೆ. ಅಲ್ಲಿಗೆ ಹೋಗುವುದಕ್ಕೆ ನಾಚಿಕೆಯಿಲ್ಲ. ಮಗು ದಿನಕ್ಕೆ ಆರು ಗಂಟೆ ಅಲ್ಲೇ ಇರುತ್ತದೆ. ಒಂದೇ ವಯಸ್ಸಿನ ನಲವತ್ತು ಮಕ್ಕಳನ್ನು ವರ್ಷವಿಡೀ ಒಟ್ಟಿಗೆ ನೋಡುವ ಶಿಕ್ಷಕರಿಗೆ, ಯಾವ ಮಗು ಮೊದಲಿನಂತಿಲ್ಲ ಎಂಬುದು ತಾಯಿತಂದೆಗಿಂತ ಮೊದಲೇ ಗೊತ್ತಾಗುವುದುಂಟು.

ಈ ಸತ್ಯವನ್ನು ನಿಮ್ಹಾನ್ಸ್‌ನ ತಜ್ಞರು ಬಹಳ ಹಿಂದೆಯೇ ಕಂಡುಕೊಂಡರು. 1974ರಲ್ಲಿ ಆ ಸಂಸ್ಥೆ ಈಗಿನ ರೂಪ ಪಡೆದ ಕೆಲವೇ ವರ್ಷಗಳಲ್ಲಿ, ಚಿಕಿತ್ಸಾ ಮನೋವಿಜ್ಞಾನಿ ಮಾಳವಿಕಾ ಕಪೂರ್ ಮತ್ತು ಅವರ ಸಹೋದ್ಯೋಗಿಗಳು ಶಾಲಾ ಶಿಕ್ಷಕರಿಗೆ ಮಕ್ಕಳ ಭಾವನಾತ್ಮಕ ತೊಂದರೆಗಳ ಬಗ್ಗೆ ತರಬೇತಿ ಕೊಡಲು ಶುರುಮಾಡಿದರು. ಶಿಕ್ಷಕರನ್ನು ಮನೋವೈದ್ಯರನ್ನಾಗಿ ಮಾಡುವುದು ಅವರ ಉದ್ದೇಶವಾಗಿರಲಿಲ್ಲ. ಮಗುವಿನಲ್ಲಿ ಏನೋ ಸರಿಯಿಲ್ಲ ಎಂದು ಗುರುತಿಸುವುದು, ಕುಳಿತು ಕೇಳುವುದು, ತಮ್ಮ ಕೈಮೀರಿದ್ದನ್ನು ತಜ್ಞರ ಬಳಿಗೆ ಕಳುಹಿಸುವುದು, ಇಷ್ಟನ್ನು ಶಿಕ್ಷಕರು ಮಾಡಬಲ್ಲರು ಎಂಬುದು ಆ ತರಬೇತಿಯ ನಂಬಿಕೆ.

ಇದೇ ಕಾಲದಲ್ಲಿ ದೊಡ್ಡವರ ಮಾನಸಿಕ ಆರೋಗ್ಯದಲ್ಲೂ ಅಂಥದೇ ಆಲೋಚನೆ ನಡೆದಿತ್ತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರ ಮೂಲಕವೇ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಕೊಡುವ ಪ್ರಯೋಗ ನಡೆಯಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ದೊಡ್ಡ ಆಸ್ಪತ್ರೆಯ ವಿದ್ಯೆಯನ್ನು ಊರಿನ ಚಿಕ್ಕ ಕಟ್ಟಡಕ್ಕೆ ಒಯ್ಯಬಹುದು ಎಂದು ತೋರಿಸಿದ್ದು ಕನ್ನಡ ನಾಡು. ಹೀಗಿರುವಾಗ ಆರೋಗ್ಯ ಕೇಂದ್ರಕ್ಕಿಂತ ಸಂಖ್ಯೆಯಲ್ಲಿ ಎಷ್ಟೋ ಹೆಚ್ಚಿರುವ ಶಾಲೆಗಳಿಗೆ ಅದು ಹೋಗಬಾರದೇಕೆ?

ಆಟದಲ್ಲಿ ಕಲಿಸುವ ಪಾಠ

ಹೋಗಿದ್ದೂ ಉಂಟು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಜೀವನ ಕೌಶಲ’ ಎಂಬ ಹೆಸರಿನಲ್ಲಿ ಹತ್ತು ಸಂಗತಿಗಳನ್ನು ಪಟ್ಟಿ ಮಾಡಿತು. ತನ್ನನ್ನು ತಾನು ಅರಿಯುವುದು, ಪರರ ನೋವನ್ನು ತಿಳಿಯುವುದು, ಮನಸ್ಸಿನಲ್ಲಿರುವುದನ್ನು ಹೇಳಲು ಬರುವುದು, ಸಂಬಂಧ ಉಳಿಸಿಕೊಳ್ಳುವುದು, ನಿರ್ಧಾರ ಮಾಡುವುದು, ಸಮಸ್ಯೆ ಬಿಡಿಸುವುದು, ಹೊಸದಾಗಿ ಯೋಚಿಸುವುದು, ಒರೆಹಚ್ಚಿ ಯೋಚಿಸುವುದು, ಭಾವನೆಗಳನ್ನು ನಿಭಾಯಿಸುವುದು, ಒತ್ತಡವನ್ನು ತಾಳಿಕೊಳ್ಳುವುದು. ಒಂದು ಕಾಲದಲ್ಲಿ ಅವಿಭಕ್ತ ಕುಟುಂಬದ ಅಜ್ಜಿ, ಚಿಕ್ಕಪ್ಪ, ಸೋದರತ್ತೆಯರ ನಡುವೆ ಮಕ್ಕಳು ತಿಳಿಯದೆಯೇ ಕಲಿಯುತ್ತಿದ್ದ ಎಷ್ಟೋ ಸಂಗತಿಗಳು ಇದರಲ್ಲಿವೆ. ಈಗ ಅವುಗಳನ್ನು ತರಗತಿಯಲ್ಲಿ ಕಲಿಸಬೇಕಾಗಿ ಬಂದಿದೆ.

ಈ ಹತ್ತನ್ನು ಇಟ್ಟುಕೊಂಡು ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಪ್ರೌಢಶಾಲೆಗಳಿಗೆ ಒಂದು ಪಠ್ಯಕ್ರಮ ರೂಪಿಸಿದರು. ಇದರಲ್ಲಿ ಭಾಷಣವಿಲ್ಲ, ನೋಟ್ಸ್ ಬರೆಸುವುದಿಲ್ಲ, ಪರೀಕ್ಷೆಯೂ ಇಲ್ಲ. ಮಕ್ಕಳು ಗುಂಪುಗಳಾಗಿ ಕುಳಿತು ಒಂದು ಸಂದರ್ಭವನ್ನು ಚರ್ಚಿಸುತ್ತಾರೆ, ಇಲ್ಲವೇ ಅಭಿನಯಿಸುತ್ತಾರೆ. ಗೆಳೆಯ ಸಿಗರೇಟು ಸೇದಲು ಒತ್ತಾಯಿಸಿದರೆ ಸ್ನೇಹ ಕೆಡಿಸಿಕೊಳ್ಳದೆ ಬೇಡ ಎನ್ನುವುದು ಹೇಗೆ? ಅಂಕ ಕಡಿಮೆ ಬಂದಿರುವುದನ್ನು ಅಪ್ಪನಿಗೆ ಹೇಳುವುದು ಹೇಗೆ? ಹೀಗೆ. ತರಬೇತಿ ಪಡೆದ ಅದೇ ಶಾಲೆಯ ಶಿಕ್ಷಕರು ಇದನ್ನು ನಡೆಸಿದರು.

ಕರ್ನಾಟಕದ ನಾಲ್ಕು ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಇದು ನಡೆಯಿತು. ಒಂದು ವರ್ಷದ ಬಳಿಕ ಎರಡು ಶಾಲೆಗಳ 605 ಮಕ್ಕಳನ್ನು, ಕಾರ್ಯಕ್ರಮ ನಡೆಯದ ನೆರೆಯ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಿ ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ ಸಂತೋಷ ತರುವಂಥದ್ದು. ಜೀವನ ಕೌಶಲ ಕಲಿತ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಿತ್ತು. ಕಷ್ಟ ಬಂದರೆ ನಿಭಾಯಿಸಬಲ್ಲೆವೆಂಬ ವಿಶ್ವಾಸವಿತ್ತು. ಶಿಕ್ಷಕರೊಂದಿಗೆ, ಶಾಲೆಯೊಂದಿಗೆ ಅವರ ಹೊಂದಾಣಿಕೆ ಉತ್ತಮಗೊಂಡಿತ್ತು.

ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿತು. ಮನೆಯೊಳಗಿನ ಹೊಂದಾಣಿಕೆಯಲ್ಲಿ ಎರಡು ಗುಂಪಿನ ಮಕ್ಕಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಮಾನಸಿಕ ತೊಂದರೆಯ ಲಕ್ಷಣಗಳಲ್ಲೂ ವ್ಯತ್ಯಾಸ ಕಾಣಲಿಲ್ಲ. ಶಾಲೆಯಲ್ಲಿ ಕಲಿತದ್ದು ಶಾಲೆಯ ಗೇಟಿನವರೆಗೆ ಬಂದು ನಿಂತಿತ್ತು. ಇದರಲ್ಲಿ ಅಚ್ಚರಿಯೇನಿಲ್ಲ. ಮಾತಾಡಲು ಕಲಿತ ಮಗುವಿಗೆ ಮನೆಯಲ್ಲಿ ಕೇಳುವ ಕಿವಿಗಳು ಬೇಡವೇ? ಮಗುವೊಂದನ್ನೇ ತಿದ್ದಿ, ಅದು ಮರಳುವ ಮನೆಯನ್ನು ಹಾಗೆಯೇ ಬಿಟ್ಟರೆ ಕೆಲಸ ಅರ್ಧಕ್ಕೆ ನಿಂತಂತೆ.

ಮೇಷ್ಟ್ರ ಮೇಲೆ ಎಷ್ಟು ಹೊರೆ?

ಶಿಕ್ಷಕರೊಂದಿಗೆ ಈ ವಿಷಯ ಎತ್ತಿದರೆ ಮೊದಲು ಬರುವ ಮಾತು, ‘ಇದನ್ನೂ ನಾವೇ ಮಾಡಬೇಕೆ?’ ಎಂಬುದು. ಈ ಮಾತನ್ನು ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಮತದಾರರ ಪಟ್ಟಿ, ಸಮೀಕ್ಷೆ, ಚುನಾವಣೆ, ಮೇಲಿನಿಂದ ಬರುವ ನಮೂನೆಗಳು, ಇವೆಲ್ಲ ಮುಗಿದ ಮೇಲೆ ಪಾಠ. 2020ರ ಫೆಬ್ರುವರಿಯಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ‘ಆರೋಗ್ಯ ರಾಯಭಾರಿ’ಗಳನ್ನಾಗಿ ಆರಿಸಿ, ವಾರಕ್ಕೊಂದು ಗಂಟೆ ಹನ್ನೊಂದು ವಿಷಯಗಳನ್ನು ಹೇಳಿಕೊಡಬೇಕೆಂದು ಗೊತ್ತುಮಾಡಲಾಯಿತು. ಅದರಲ್ಲಿ ಭಾವನಾತ್ಮಕ ಮತ್ತು ಮಾನಸಿಕ ಆರೋಗ್ಯವೂ ಒಂದು. ಉದ್ದೇಶ ಒಳ್ಳೆಯದೇ. ಆದರೆ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಆ ಇಬ್ಬರೇ ಎಲ್ಲಕ್ಕೂ ರಾಯಭಾರಿಗಳು.

ಹೊರೆಯ ಪ್ರಶ್ನೆಗಿಂತ ಸೂಕ್ಷ್ಮವಾದ ಇನ್ನೊಂದು ಪ್ರಶ್ನೆಯಿದೆ. ಅಂಕ ಹಾಕುವ ಕೈ, ಗದರಿಸುವ ಬಾಯಿ ಯಾರದೋ ಅವರ ಬಳಿಯೇ ಮಗು ಮನಸ್ಸು ಬಿಚ್ಚೀತೇ?

ಇದಕ್ಕೆ ಉತ್ತರ ಬಿಹಾರದಿಂದ ಬಂದಿದೆ. ಅಲ್ಲಿನ ನಳಂದಾ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗೋವಾದ ‘ಸಂಗಾತ್’ ಸಂಸ್ಥೆಯವರು ಸೇರಿ ‘ಸೆಹೆರ್’ ಎಂಬ ಪ್ರಯೋಗ ನಡೆಸಿದರು. 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅದರ ವರದಿ ಬಂತು. ಸುಮಾರು 75 ಶಾಲೆಗಳನ್ನು ಮೂರು ಗುಂಪು ಮಾಡಲಾಗಿತ್ತು. ಒಂದು ಗುಂಪಿನಲ್ಲಿ ಶಿಕ್ಷಕರೊಬ್ಬರಿಗೆ ತರಬೇತಿ ಕೊಟ್ಟು ಕಾರ್ಯಕ್ರಮ ಒಪ್ಪಿಸಿದರು. ಇನ್ನೊಂದರಲ್ಲಿ ಇದೇ ಕೆಲಸಕ್ಕೆಂದು ಹೊರಗಿನ ಒಬ್ಬರನ್ನು ನೇಮಿಸಿದರು. ಇವರು ಮನೋವೈದ್ಯರಲ್ಲ, ಮನೋವಿಜ್ಞಾನದ ಪಂಡಿತರೂ ಅಲ್ಲ. ತರಬೇತಿ ಪಡೆದ ಸಾಮಾನ್ಯ ಜನ. ಮೂರನೆಯ ಗುಂಪಿನಲ್ಲಿ ಎಂದಿನ ಜೀವನ ಕೌಶಲ ತರಗತಿ ಮಾತ್ರ.

ಕಾರ್ಯಕ್ರಮದಲ್ಲಿ ಗೋಡೆ ಪತ್ರಿಕೆ ಇತ್ತು, ಸ್ಪರ್ಧೆಗಳಿದ್ದವು. ಹೆಸರು ಹೇಳಲು ಅಂಜುವ ಮಕ್ಕಳು ಚೀಟಿ ಬರೆದು ಹಾಕಲು ಒಂದು ಪೆಟ್ಟಿಗೆ ಇತ್ತು. ಬೇಕೆಂದವರಿಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೊಡುವ ಆಪ್ತ ಸಲಹೆಯೂ ಇತ್ತು. ವರ್ಷದ ಕೊನೆಗೆ ನೋಡಿದರೆ, ಹೊರಗಿನವರು ನಡೆಸಿದ ಶಾಲೆಗಳಲ್ಲಿ ವಾತಾವರಣವೇ ಬದಲಾಗಿತ್ತು. ಖಿನ್ನತೆಯ ಲಕ್ಷಣಗಳು, ಮಕ್ಕಳ ನಡುವಿನ ಕಾಟ, ಹೊಡೆದಾಟ ಕಡಿಮೆಯಾಗಿದ್ದವು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಇದರಿಂದ ಶಿಕ್ಷಕರು ನಾಲಾಯಕ್ಕೆಂದು ತೀರ್ಮಾನಿಸುವುದು ತಪ್ಪು. ಮೇಲೆ ಹೇಳಿದ ಕರ್ನಾಟಕದ ಅನುಭವದಲ್ಲಿ ಶಿಕ್ಷಕರೇ ಜೀವನ ಕೌಶಲವನ್ನು ಚೆನ್ನಾಗಿ ಕಲಿಸಿದ್ದರು. ಎರಡನ್ನೂ ಜೋಡಿಸಿ ನೋಡಿದರೆ ಕಾಣುವುದು ಕೆಲಸದ ಹಂಚಿಕೆ. ಇಡೀ ತರಗತಿಗೆ ಕಲಿಸುವುದು, ಬಳಲುವ ಮಗುವನ್ನು ಗುರುತಿಸುವುದು ಶಿಕ್ಷಕರಿಂದ ಆಗುತ್ತದೆ. ಗುರುತಿಸಿದ ಮಗುವಿನೊಂದಿಗೆ ಕೂರುವುದಕ್ಕೆ, ಅದರ ಮನೆಯವರೊಂದಿಗೆ ಮಾತಾಡುವುದಕ್ಕೆ ಅದೇ ಕೆಲಸವೆಂದು ಬೇರೊಬ್ಬರು ಬೇಕು. ಆ ಬೇರೊಬ್ಬರು ದೊಡ್ಡ ಪದವೀಧರರೇ ಆಗಬೇಕಿಲ್ಲ ಎಂಬುದು ನಳಂದಾ ಪ್ರಯೋಗ ಕೊಟ್ಟ ಸಮಾಧಾನ.

ನೂರರ ಗೆರೆ

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಒಂದು ಮಹತ್ವದ ತೀರ್ಪು ಕೊಟ್ಟಿತು. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ನ್ಯಾಯಾಲಯ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುವ ಹದಿನೈದು ಮಾರ್ಗಸೂಚಿಗಳನ್ನು ಹೊರಡಿಸಿತು. ಸೂಕ್ತ ಕಾನೂನು ಬರುವವರೆಗೆ ಇವು ಬದ್ಧವಾಗಿರುತ್ತವೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತ ಸಮಾಲೋಚಕ, ಮನೋವಿಜ್ಞಾನಿ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಕೂರಿಸುವುದು, ಎಲ್ಲರೆದುರು ಅವಮಾನಿಸುವುದು ಕೂಡದು. ತಾಯಿತಂದೆಯರಿಗೂ ತಿಳಿವಳಿಕೆ ಕಾರ್ಯಕ್ರಮಗಳು ನಡೆಯಬೇಕು.

ನೂರು ಮಕ್ಕಳ ಈ ಗೆರೆ ನಗರದ ಶಾಲೆಗಳಿಗೆ ಸರಿ. ಆದರೆ ನಮ್ಮ ಹಳ್ಳಿಗಳ ಎಷ್ಟೋ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ನೂರರ ಹತ್ತಿರಕ್ಕೂ ಬರುವುದಿಲ್ಲ. ಇಂಥ ಚಿಕ್ಕ ಶಾಲೆಗಳು ಹೊರಗಿನ ತಜ್ಞರೊಂದಿಗೆ ಖಚಿತ ಸಂಪರ್ಕ ಇಟ್ಟುಕೊಳ್ಳಬೇಕೆಂದು ತೀರ್ಪಿನಲ್ಲಿಯೇ ಇದೆ. ಆ ಸಂಪರ್ಕವನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಜಿಲ್ಲೆಗೊಂದು ಮಾನಸಿಕ ಆರೋಗ್ಯ ತಂಡವಿದೆ. ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರನ್ನು ಕರೆತರುವ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ರೂಪಿಸಿತು. ಹದಿಹರೆಯದವರಿಗೆಂದೇ ‘ಸ್ನೇಹ ಕ್ಲಿನಿಕ್’ಗಳಿವೆ. ಇಲ್ಲದಿರುವುದು ಇವುಗಳ ಮತ್ತು ಶಾಲೆಯ ನಡುವಿನ ದಾರಿ. ಆರೋಗ್ಯ ಇಲಾಖೆಯ ಕೆಲಸ ಆರೋಗ್ಯ ಇಲಾಖೆಗೆ, ಶಿಕ್ಷಣ ಇಲಾಖೆಯದು ಶಿಕ್ಷಣ ಇಲಾಖೆಗೆ ಎಂದು ಉಳಿದರೆ ಎರಡರ ನಡುವೆ ಬೀಳುವುದು ಮಗು. ಹತ್ತು ಹದಿನೈದು ಶಾಲೆಗಳ ಒಂದು ಕ್ಲಸ್ಟರಿಗೆ ಒಬ್ಬ ಆಪ್ತ ಸಮಾಲೋಚಕರಿದ್ದು, ವಾರದ ಗೊತ್ತಾದ ದಿನ ಗೊತ್ತಾದ ಶಾಲೆಗೆ ಬರುವಂತಾದರೆ, ಆ ದಿನಕ್ಕಾಗಿ ಕಾಯುವ ಮಕ್ಕಳು ಖಂಡಿತ ಇರುತ್ತಾರೆ.

ಮನೆಯ ಹೊಸ್ತಿಲಲ್ಲಿ

ಎಲ್ಲಕ್ಕಿಂತ ಕಷ್ಟದ್ದು ಶಾಲೆಯಿಂದ ಮನೆಗೆ ಹೋಗುವ ದಾರಿ. ನಮ್ಮ ಪಾಲಕರ ಸಭೆಗಳನ್ನೇ ನೋಡಿ. ಅಂಕಪಟ್ಟಿ ಮುಂದೆ ಇರುತ್ತದೆ, ಮಗು ಪಕ್ಕದಲ್ಲಿ ತಲೆತಗ್ಗಿಸಿ ನಿಂತಿರುತ್ತದೆ. ‘ನಿಮ್ಮ ಮಗನಿಗೆ ಓದಿನ ಕಡೆ ಗಮನವಿಲ್ಲ’ ಎಂದು ಮೇಷ್ಟ್ರು. ‘ನಾಲ್ಕು ಬಾರಿಸಿ ಸಾರ್, ನಾವೇನೂ ಅನ್ನೋದಿಲ್ಲ’ ಎಂದು ಅಪ್ಪ. ಸಭೆ ಮುಗಿಯಿತು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬುದು ಇಬ್ಬರಿಗೂ ಆ ಹೊತ್ತಿನಲ್ಲಿ ನೆನಪಿರುವುದಿಲ್ಲ.

ಇದೇ ಸಭೆಯನ್ನು ಬೇರೆ ರೀತಿಯಲ್ಲೂ ನಡೆಸಬಹುದು. ಅಂಕಪಟ್ಟಿ ಬದಿಗಿಟ್ಟು, ‘ಎರಡು ತಿಂಗಳಿಂದ ಹುಡುಗ ಮೊದಲಿನ ಹಾಗಿಲ್ಲ. ಮನೆಯಲ್ಲಿ ಊಟ ನಿದ್ದೆ ಹೇಗಿದೆ? ಗೆಳೆಯರ ಜತೆ ಆಡೋಕೆ ಹೋಗ್ತಾನಾ?’ ಎಂದು ಕೇಳಿದರೆ ಅದೇ ಅಪ್ಪನ ದನಿ ಬದಲಾಗುತ್ತದೆ. ‘ನಿಮ್ಮ ಮಗನಿಗೆ ಏನೋ ದೋಷವಿದೆ’ ಎಂದಾಗ ಮುಚ್ಚಿಕೊಳ್ಳುವ ಬಾಗಿಲು, ‘ನಿಮಗೂ ಕಷ್ಟವಾಗ್ತಿರಬೇಕಲ್ಲವೇ?’ ಎಂದಾಗ ತೆರೆದುಕೊಳ್ಳುತ್ತದೆ. ಆಗ ಹೊರಬರುವ ಸಂಗತಿಗಳು ಮಗುವಿಗಷ್ಟೇ ಸಂಬಂಧಿಸಿದ್ದಾಗಿರುವುದಿಲ್ಲ. ಸಂಜೆಯಾದರೆ ಕುಡಿದು ಬರುವ ತಂದೆ, ತೀರಿಸಲಾಗದ ಕೈಸಾಲ, ಹೆರಿಗೆಯ ನಂತರ ಮಂಕಾಗಿಬಿಟ್ಟ ತಾಯಿ. ಮಗುವಿನ ಹೊಟ್ಟೆನೋವಿಗೆ ಔಷಧ ಹುಡುಕುತ್ತ ಹೊರಟರೆ ಚಿಕಿತ್ಸೆ ಬೇಕಾಗಿರುವುದು ತಾಯಿಗೆ ಎಂದು ತಿಳಿಯುವುದೂ ಉಂಟು. ಶಾಲೆ ಇಡೀ ಕುಟುಂಬಕ್ಕೆ ಸಹಾಯದ ಬಾಗಿಲಾಗುವುದು ಹೀಗೆ.

ಇದು ಆಗದ ಹೋಗದ ಮಾತಲ್ಲ. 2020ರಲ್ಲಿ ಕೋವಿಡ್ ಬಂದು ಶಾಲೆಗಳಿಗೆ ಬೀಗ ಬಿದ್ದಾಗ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರು ‘ವಿದ್ಯಾಗಮ’ದ ಹೆಸರಿನಲ್ಲಿ ಮಕ್ಕಳಿದ್ದ ಕೇರಿಗಳಿಗೇ ಹೋದರು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮನೆಯಂಗಳಗಳೇ ತರಗತಿಗಳಾದವು. ಹಾಜರಿ ಪುಸ್ತಕದಲ್ಲಿ ಹೆಸರಾಗಿದ್ದ ಮಗು ಅದರ ಮನೆಯ ಮುಂದೆ, ಅದರವರ ನಡುವೆ ಕಂಡಿತು. ಸೋಂಕಿನ ಭಯದ ನಡುವೆ ನಡೆದ ಆ ಪ್ರಯೋಗ ಕಷ್ಟನಷ್ಟಗಳಿಲ್ಲದೆ ಮುಗಿಯಲಿಲ್ಲ. ಆದರೂ ಶಾಲೆಗೂ ಮನೆಗೂ ನಡುವಿನ ಗೋಡೆ ಅಷ್ಟೇನೂ ಎತ್ತರದ್ದಲ್ಲ ಎಂದು ತೋರಿಸಿಕೊಟ್ಟಿತು. ಪ್ರತಿ ಸರ್ಕಾರಿ ಶಾಲೆಗೂ ಪಾಲಕರೇ ಸದಸ್ಯರಾಗಿರುವ ಎಸ್‌ಡಿಎಂಸಿ ಇದೆ. ಕಟ್ಟಡ, ಕಾಂಪೌಂಡು, ಶೌಚಾಲಯದ ಚರ್ಚೆಯ ನಡುವೆ ವರ್ಷಕ್ಕೆರಡು ಸಭೆಗಳನ್ನು ಮಕ್ಕಳ ಮನಸ್ಸಿಗೆಂದು ಮೀಸಲಿಡಬಾರದೇ?

ಪಾಲಕರೊಂದಿಗೆ ಮಾತಾಡುವುದಕ್ಕೆ ನಮ್ಮಲ್ಲಿ ಭಾಷೆಯ ಬಡತನವೂ ಇಲ್ಲ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿ ದುಡಿದ ಡಾ. ಸಿ.ಆರ್. ಚಂದ್ರಶೇಖರ್ ಸುಲಭ ಕನ್ನಡದಲ್ಲಿ ಬರೆದ ಪುಸ್ತಕಗಳ ಸಂಖ್ಯೆಯೇ ನೂರನ್ನು ಮೀರುತ್ತದೆ. ಮನೋರೋಗದ ಬಗ್ಗೆ ಹಳ್ಳಿಯ ತಾಯಿಗೂ ಅರ್ಥವಾಗುವಂತೆ ಹೇಳಲು ಸಾಧ್ಯ ಎಂಬುದಕ್ಕೆ ಅವೇ ಸಾಕ್ಷಿ. ಆ ಪುಸ್ತಕಗಳು ಶಾಲೆಯ ಕಪಾಟಿನಲ್ಲಿದ್ದರೆ ಓದುವವರು ಮಕ್ಕಳಷ್ಟೇ ಆಗಿರಲಾರರು.

ಗುಟ್ಟು ಮತ್ತು ಕಾನೂನು

ಶಾಲೆ ಈ ಕೆಲಸಕ್ಕೆ ಕೈಹಾಕುವಾಗ ಒಂದು ಎಚ್ಚರ ಬೇಕೇ ಬೇಕು. ಮಗು ನಂಬಿ ಹೇಳಿದ್ದು ಸ್ಟಾಫ್ ರೂಮಿನ ಚಹಾದ ಜತೆಗಿನ ಮಾತಾಗಬಾರದು. ಒಮ್ಮೆ ಹಾಗಾದರೆ ಆ ಮಗುವಷ್ಟೇ ಅಲ್ಲ, ಇಡೀ ಶಾಲೆಯ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಆದರೆ ಗುಟ್ಟು ಕಾಯುವುದಕ್ಕೂ ಮಿತಿಯುಂಟು. ಮಗುವಿನ ಪ್ರಾಣಕ್ಕೆ ಅಪಾಯವಿದೆ ಎನಿಸಿದರೆ ಮನೆಯವರಿಗೆ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಗೊತ್ತಾದ ಪ್ರತಿಯೊಬ್ಬರ ಕರ್ತವ್ಯ. ಶಾಲೆಯ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಹಾಕುವುದು ಅಪರಾಧ.

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ ಮಗುವನ್ನು ಆಸ್ಪತ್ರೆಗೆ ಒಯ್ಯಲು ಕೇಸಿನ ಭಯದಿಂದ ಹಿಂಜರಿಯುವವರು ಇಂದಿಗೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಶಿಕ್ಷೆಯಿಂದ ಹೊರಗಿಟ್ಟಿದೆ. ಅವರಿಗೆ ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಈ ಒಂದು ಮಾತು ಪ್ರತಿ ಪಾಲಕರ ಸಭೆಯಲ್ಲೂ ಕೇಳಿಬರಬೇಕು.

ಪರೀಕ್ಷೆಯ ವಿಷಯದಲ್ಲೂ ಒಂದು ಒಳ್ಳೆಯ ಹೆಜ್ಜೆ ಬಿದ್ದಿದೆ. 2024ರಲ್ಲಿ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಒಂದರಲ್ಲಿ ಎಡವಿದವರು ಇನ್ನೊಂದರಲ್ಲಿ ಏಳಬಹುದು. ಆದರೆ ಈ ಸಮಾಧಾನ ಮಗುವಿಗೆ ಸಿಗಬೇಕಾದದ್ದು ಫಲಿತಾಂಶ ಬರುವ ಮುಂಚೆ, ಮನೆಯವರ ಬಾಯಿಂದ.

ಗಮನಿಸಬೇಕಾದ ಸೂಚನೆಗಳು

ಎರಡು ಮೂರು ವಾರಕ್ಕೂ ಹೆಚ್ಚು ಕಾಲ ಮಗುವಿನ ಊಟ, ನಿದ್ದೆ, ಆಟಗಳಲ್ಲಿ ಬದಲಾವಣೆ. ಗೆಳೆಯರಿಂದ ದೂರವಾಗುವುದು. ವೈದ್ಯರಿಗೆ ಕಾರಣ ಸಿಗದ ತಲೆನೋವು, ಹೊಟ್ಟೆನೋವು. ಅಂಕಗಳು ಇದ್ದಕ್ಕಿದ್ದಂತೆ ಕುಸಿಯುವುದು. ಮೇಲಿಂದ ಮೇಲೆ ಶಾಲೆ ತಪ್ಪಿಸುವುದು. ಮೈಮೇಲೆ ತಾನೇ ಮಾಡಿಕೊಂಡ ಗಾಯ. ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು. ‘ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು’ ಎಂಬಂಥ ಮಾತು. ಕೊನೆಯ ಮೂರರಲ್ಲಿ ಯಾವುದೊಂದು ಕಂಡರೂ ತಡಮಾಡಬಾರದು. ಮಗುವನ್ನು ಒಂಟಿಯಾಗಿ ಬಿಡಬಾರದು. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ, ಮೃದುವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವಿನ ಎದೆಯ ಭಾರ ಇಳಿಯುತ್ತದೆ ಎನ್ನುತ್ತಾರೆ ತಜ್ಞರು.

2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಷ್ಟೇ ಅಲ್ಲ, ದಿಕ್ಕು ತೋಚದ ತಾಯಿತಂದೆಯರು ಮತ್ತು ಶಿಕ್ಷಕರು ಕೂಡ ಕರೆ ಮಾಡಬಹುದು. ತೊಂದರೆಯಲ್ಲಿರುವ ಮಕ್ಕಳಿಗಾಗಿ ಮಕ್ಕಳ ಸಹಾಯವಾಣಿ 1098 ಇದೆ.

ಈ ಎರಡು ಸಂಖ್ಯೆಗಳನ್ನು ಶಾಲೆಯ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು. ವಾರಕ್ಕೊಂದು ಪೀರಿಯಡ್ ಬಿಡಿಸಿಕೊಳ್ಳಲು ವೇಳಾಪಟ್ಟಿಯಲ್ಲಿ ಸ್ವಲ್ಪ ಮನಸ್ಸು ಸಾಕು. ಕ್ಲಸ್ಟರಿಗೊಬ್ಬ ಆಪ್ತ ಸಮಾಲೋಚಕರನ್ನು ಕೊಡಲು ಮಾತ್ರ ಸರ್ಕಾರ ಹಣ ತೆಗೆದಿಡಬೇಕು. ಶಾಲೆಗೆ ಬಂದ ಮಗುವಿಗೆ ಹಸಿವಿದ್ದರೆ ಪಾಠ ತಲೆಗೆ ಹತ್ತುವುದಿಲ್ಲವೆಂದು ಒಪ್ಪಿಕೊಂಡು ಒಲೆ ಹೊತ್ತಿಸಿದ ನಾಡು ಇದು. ಶಾಲೆಯಲ್ಲಿ ಅಡುಗೆಯೇ ಎಂದು ಅಂದು ಮೂಗು ಮುರಿದವರೂ ಇಂದು ಬಿಸಿಯೂಟವಿಲ್ಲದ ಶಾಲೆಯನ್ನು ಊಹಿಸಿಕೊಳ್ಳಲಾರರು. ಮನಸ್ಸಿನ ಹಸಿವೂ ಹಸಿವೇ ಎಂದು ಒಪ್ಪಿಕೊಳ್ಳುವುದಕ್ಕೆ ಇನ್ನೆಷ್ಟು ಫಲಿತಾಂಶಗಳ ಮರುದಿನಗಳನ್ನು ಕಾಯಬೇಕು?